ಮೂರನೇ ಮಶೀನಿನ ಗೀಟು

ನನ್ನ ಫೋನಿಗೆ ವಯಸ್ಸಾಯಿತೆಂದು ನನಗೆ ಹೇಳಿದ್ದು ನನ್ನ ಫೋನೇ. ಅದಕ್ಕೆ ಆರು ವರ್ಷ. ಗಾಜು ಒಡೆದಿಲ್ಲ, ಬೆಳಿಗ್ಗೆ ಚಾರ್ಜ್ ಮಾಡಿದರೆ ಸಂಜೆಯವರೆಗೆ ಬರುತ್ತದೆ, ಎರಡು ಸಲ ಸೋಪಿನ ನೀರಿಗೆ ಬಿದ್ದು ಎರಡು ಸಲವೂ ಎದ್ದು ಬಂದಿದೆ. ನನಗೆ ಐವತ್ತೇಳು. ನಮ್ಮಿಬ್ಬರಲ್ಲಿ ಒಬ್ಬರನ್ನು ಮುದುಕ ಎನ್ನಲೇಬೇಕೆಂದರೆ ಅದು ನಾನು. ಆದರೂ ಆ ಸೋಮವಾರ ಬೆಳಿಗ್ಗೆ ಅದರ ಪರದೆಯ ಮೇಲೆ ಒಂದು ಬಿಳಿ ಚೌಕ ಬಂದು ನಿಂತಿತ್ತು: 'ಈ ಫೋನಿಗೆ ಇನ್ನು ಮುಂದೆ ನಮ್ಮ ಬೆಂಬಲ ಇರುವುದಿಲ್ಲ.' ಅದರ ಕೆಳಗೆ ಒತ್ತಲು ಒಂದೇ ಗುಂಡಿ. 'ಸರಿ.'

ಏನು ಸರಿ? ಬೇಡ ಎನ್ನಲು ಗುಂಡಿಯಿಲ್ಲ, ಯಾಕೆ ಎಂದು ಕೇಳಲು ಗುಂಡಿಯಿಲ್ಲ. ಮನೆಗೆ ನುಗ್ಗಿ ಕಪಾಳಕ್ಕೆ ಬಾರಿಸಿ 'ಸರಿ ಅನ್ನು' ಎಂದ ಹಾಗಿತ್ತು. ನಾನು ಒತ್ತಲಿಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದೆ. ಚೌಕ ಅಲ್ಲೇ ನಿಂತಿತ್ತು. ಕೊನೆಗೆ ಒತ್ತಿದೆ.

ಬರೀ ಫೋನಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ನನ್ನ ಕಿವಿ ಅದರೊಳಗಿತ್ತು.

ನಾನು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಫಿಟ್ಟರ್. ಇಪ್ಪತ್ತೆರಡು ವರ್ಷವಾಯಿತು. ನಮ್ಮಲ್ಲಿ ನಾಲ್ಕು ದೊಡ್ಡ ಮಶೀನುಗಳಿವೆ. ಒಂದೊಂದರ ಹೊಟ್ಟೆಯಲ್ಲೂ ಒಬ್ಬ ಆಳು ಕಾಲು ಮಡಚಿ ಕೂರುವಷ್ಟು ಜಾಗ. ನೂರು ಕಿಲೋ ಒದ್ದೆ ಚಾದರ ತುಂಬಿಕೊಂಡು ಆ ಡ್ರಮ್ಮು ಗಿರ್ರನೆ ತಿರುಗುವಾಗ ಅದನ್ನು ಹಿಡಿದಿಟ್ಟುಕೊಂಡಿರುವುದು ಹಿಂಬದಿಯ ಎರಡು ಬೇರಿಂಗುಗಳು ಮಾತ್ರ. ಬೇರಿಂಗು ಸಾಯುವುದಕ್ಕೆ ಒಂದು ಕ್ರಮವಿದೆ. ಮೊದಲು ಸಣ್ಣ ಸಿಳ್ಳೆ. ಆಮೇಲೆ ಮರಳು ಅಗಿದಂತೆ ಕರಕರ. ಅದೂ ಆದ ಮೇಲೆ ಏನಾಗುತ್ತದೆಂಬುದನ್ನು ನಾನು ಹಳೆಯ ಕೆಲಸದಲ್ಲಿ ಕಣ್ಣಾರೆ ನೋಡಿದ್ದೇನೆ. ಡ್ರಮ್ಮು ಕಿತ್ತುಕೊಂಡು ಬಾಗಿಲನ್ನು ಒಡೆದು ಬಂದಿತ್ತು. ಎದುರಿಗೆ ಬಟ್ಟೆ ಹಿಡಿದು ನಿಂತಿದ್ದ ಹೆಂಗಸಿಗೆ ಮೊಣಕೈಯಿಂದ ಕೆಳಗೆ ಏನೂ ಉಳಿಯಲಿಲ್ಲ.

ಅದರ ಮಾರನೆಯ ದಿನ ನನಗೆ ಕೆಲಸ ಕಲಿಸಿದ ಮುದುಕ ಗೀಟಿನ ಪದ್ಧತಿ ಶುರು ಮಾಡಿದ. ನಾನು ಅದನ್ನು ಈ ಲಾಂಡ್ರಿಗೂ ತಂದೆ. ಬೆಳಿಗ್ಗೆ ಕೆಲಸಕ್ಕೆ ಮೊದಲು ಒಂದೊಂದೇ ಮಶೀನನ್ನು ಖಾಲಿ ಓಡಿಸಬೇಕು. ಹಿಂದೆ ಹೋಗಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳಬೇಕು. ಸರಿಯಿದ್ದರೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ಗೀಟಿಲ್ಲದ ಮಶೀನಿಗೆ ನಮ್ಮ ಹೆಂಗಸರು ಕೈ ಹಾಕುವುದಿಲ್ಲ, ಮ್ಯಾನೇಜರ್ ಬಂದು ಕಾಲಿಗೆ ಬಿದ್ದರೂ ಇಲ್ಲ. ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ ಹೋಗುತ್ತಾರೆ, ಬೆಳಿಗ್ಗೆ ಹೊಸ ಗೀಟು.

ನಾಲ್ಕು ವರ್ಷದ ಹಿಂದೆ ನನ್ನ ಕಿವಿಯ ನರ ಸೋತಿತು. ಮೊದಲು ಹೋದದ್ದು ಸಣ್ಣ ಸದ್ದುಗಳು. ಕೊಳಲು ಹೋಗಿ ಡೋಲು ಉಳಿದಂತಾಯಿತು. ಸ್ಕ್ರೂಡ್ರೈವರ್ ಮೂಳೆಗೆ ಒತ್ತಿದರೂ ಸಿಳ್ಳೆ ಕೇಳಿಸದು. ಕಿವಿಗೆ ಹಾಕಿಕೊಳ್ಳುವ ಮಶೀನು ತಂದರೆ ಅದರದು ಬೇರೆಯೇ ರಗಳೆ. ಮನುಷ್ಯರ ಮಾತನ್ನು ಎತ್ತಿ ಕೊಡುತ್ತದೆ, ಯಂತ್ರದ ಸದ್ದನ್ನು ಕಸವೆಂದು ಗುಡಿಸಿ ಆಚೆ ಹಾಕುತ್ತದೆ. ನನ್ನ ಹೊಟ್ಟೆಪಾಡೇ ಆ ಕಸದಲ್ಲಿದೆ ಎಂದು ಅದನ್ನು ಮಾಡಿದವನಿಗೆ ಯಾರು ಹೇಳಬೇಕು?

ಹೇಳಿದ್ದು ನಮ್ಮ ಕಿವಿ ಮೇಡಂ. ಕಿವಿ ಪರೀಕ್ಷೆ ಮಾಡುವ ಆ ಹೆಂಗಸು ಒಂದು ಬೆಳಿಗ್ಗೆ ತಾವೇ ಲಾಂಡ್ರಿಗೆ ಬಂದು, ಸೋಪಿನ ಡಬ್ಬದ ಮೇಲೆ ಕೂತು, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡು ಗಂಟೆ ತಿಣುಕಾಡಿ ನನಗೊಂದು ಮೂರನೇ ಸೆಟ್ಟಿಂಗ್ ಮಾಡಿಕೊಟ್ಟರು. ಕಿವಿಯ ಮಶೀನಿನಲ್ಲಿ ಇರುವುದು ಎರಡೇ. ಮೂರನೆಯದನ್ನು ಫೋನಿನ ಆಪ್ ತೆರೆದು ಕರೆಯಬೇಕು. ಅದಕ್ಕೆ ಅವರು 'ಮಶೀನು' ಎಂದು ಹೆಸರಿಟ್ಟರು. ಅದನ್ನು ಒತ್ತಿ, ಕಿವಿಯನ್ನು ಬೇರಿಂಗಿನ ಹತ್ತಿರ ತಂದ ದಿನ ಹೋಗಿದ್ದ ಸಣ್ಣ ಸದ್ದುಗಳೆಲ್ಲ ಮತ್ತೆ ಕೇಳಿಸಿದವು. ಸತ್ತುಹೋದ ನೆಂಟರು ಬಾಗಿಲಲ್ಲಿ ನಿಂತು ಮಾತಾಡಿಸಿದ ಹಾಗಿತ್ತು.

ಆ ಸೆಟ್ಟಿಂಗ್ ಇದ್ದ ಆಪ್ ಸೋಮವಾರ ಬೆಳಿಗ್ಗೆ ಸತ್ತಿತು. ಕೊಂದವನು ನನ್ನ ಬಾಮೈದ.

ನನ್ನ ಹೆಂಡತಿಯ ತಮ್ಮ ಫೋನ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಕೆಟ್ಟವನಲ್ಲ, ಆದರೆ ಯಾರ ಮನೆಗೆ ಹೋದರೂ ವೈದ್ಯ ನಾಡಿ ಹಿಡಿದಂತೆ ಎಲ್ಲರ ಫೋನನ್ನೂ ಕೈಗೆ ತೆಗೆದುಕೊಳ್ಳುತ್ತಾನೆ. ಭಾನುವಾರ ಸಂಜೆ ಚಹಾ ಕುಡಿಯುತ್ತ ನನ್ನದನ್ನೂ ಹಿಡಿದ.

"ಏನ್ ಭಾವ ಇದು, ಇಷ್ಟೊಂದು ಅಪ್‌ಡೇಟ್ ಬಾಕಿ ಇಟ್ಕೊಂಡಿದ್ದೀರಲ್ಲ."

ನಾನು ಬೇಡ ಎನ್ನುವಷ್ಟರಲ್ಲಿ ಎಲ್ಲವನ್ನೂ ಒತ್ತಿಬಿಟ್ಟ. ಹಳೆಯ ಆಪ್ ಹೋಗಿ ಹೊಸದು ಬಂತು. ಬಂದ ಹೊಸದು ಸುತ್ತ ನೋಡಿ, ಈ ಮನೆ ಹಳೆಯದಾಯಿತು, ನಾನಿಲ್ಲಿ ಇರುವುದಿಲ್ಲ ಎಂದಿತು. ಹಳೆಯದನ್ನು ವಾಪಸು ತರಲು ದಾರಿಯೇ ಇಲ್ಲವಂತೆ.

ಆ ಬೆಳಿಗ್ಗೆ ನಾನು ಲಾಂಡ್ರಿಗೆ ಹೋಗಿ ಒಂದನೇ ಮಶೀನನ್ನು ಖಾಲಿ ಓಡಿಸಿ ಹಿಂದೆ ನಿಂತೆ. ಸ್ಕ್ರೂಡ್ರೈವರ್ ಒತ್ತಿದೆ, ಕಿವಿ ಕೊಟ್ಟೆ. ನನಗೆ ಕೇಳಿಸಿದ್ದು ಆ ತುದಿಯಲ್ಲಿ ಇಬ್ಬರು ಹೆಂಗಸರು ಚಪ್ಪಲಿಯ ವಿಷಯ ಮಾತಾಡುತ್ತಿದ್ದದ್ದು. ಒಂದೊಂದು ಅಕ್ಷರವೂ ಸ್ಪಷ್ಟ. ನನ್ನ ಮೂಗಿನ ಮುಂದೆ ತಿರುಗುತ್ತಿದ್ದ ಅಷ್ಟು ದೊಡ್ಡ ಡ್ರಮ್ಮು ಮಾತ್ರ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಬರೀ ಗುಮ್ಮೆನ್ನುತ್ತಿತ್ತು.

ಅಲ್ಲೇ ಹೇಳಬೇಕಿತ್ತು. ನನಗೆ ಕೇಳಿಸುತ್ತಿಲ್ಲ, ಹೊರಗಿನಿಂದ ಫಿಟ್ಟರ್ ಕರೆಸಿ ಎನ್ನಬೇಕಿತ್ತು. ಹೇಳಲಿಲ್ಲ. ಅದಕ್ಕೂ ಒಂದು ಕಾರಣವಿತ್ತು. ಹಿಂದಿನ ತಿಂಗಳು ಮ್ಯಾನೇಜರ್ ನನ್ನನ್ನು ಕರೆದು ಒಂದು ಟ್ಯಾಬ್ಲೆಟ್ ತೋರಿಸಿದ್ದರು. ಮಶೀನಿಗೆ ಏನೋ ಬಿಲ್ಲೆಗಳನ್ನು ಅಂಟಿಸುತ್ತಾರಂತೆ, ಟ್ಯಾಬ್ಲೆಟ್ಟಿನಲ್ಲಿ ಹಸಿರು ಬಂದರೆ ಓಡಿಸುವುದು, ಕೆಂಪು ಬಂದರೆ ನಿಲ್ಲಿಸುವುದು.

"ಕಿವಿ ಕೊಟ್ಟು ಕೇಳೋ ಕಾಲ ಹೋಯ್ತು ನೋಡಿ," ಎಂದಿದ್ದರು. "ನಿಮಗೂ ರೆಸ್ಟ್ ಬೇಕಲ್ವಾ."

"ಅದರ ಬ್ಯಾಟರಿ ಹೋದ ದಿನ ಯಾರನ್ನ ಕರೀತೀರ?" ಎಂದು ಕೇಳಿ ನಾನು ಎದ್ದು ಬಂದಿದ್ದೆ. ಈಗ ಹೋಗಿ ನನ್ನ ಬ್ಯಾಟರಿಯೇ ಹೋಗಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಶನಿವಾರ ನಾಲ್ಕೂ ಮಶೀನು ಸರಿಯಾಗಿದ್ದವು, ಬೇರಿಂಗು ಒಂದೇ ದಿನದಲ್ಲಿ ಸಾಯುವುದಿಲ್ಲ, ಸಂಜೆಯೊಳಗೆ ಏನಾದರೂ ಮಾಡಿದರಾಯಿತು ಎಂದುಕೊಂಡೆ. ನಾಲ್ಕು ಬಾಗಿಲಿಗೂ ಗೀಟೆಳೆದೆ. ಎಳೆಯುವಾಗ ಕೈ ನಡುಗಿತೆಂದು ಹೇಳಿದರೆ ಸುಳ್ಳಾಗುತ್ತದೆ. ಸಿಟ್ಟಿನಲ್ಲಿದ್ದೆ, ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಎಳೆದೆ.

ಸಂಜೆ ಬಾಮೈದನ ಅಂಗಡಿಗೆ ಹೋದೆ. ಕಣ್ಣು ಚುಚ್ಚುವ ಬೆಳಕು, ಗಾಜಿನ ಮೇಜುಗಳು, ಕದ್ದು ಸಿಕ್ಕಿಬಿದ್ದವರ ಹಾಗೆ ಸರಪಳಿ ಹಾಕಿಸಿಕೊಂಡು ಸಾಲಾಗಿ ಮಲಗಿದ್ದ ಫೋನುಗಳು. ಬಾಮೈದ ನಗುತ್ತ ಬಂದ.

"ನಿನ್ನೆ ಇದ್ದದ್ದನ್ನ ಇದ್ದ ಹಾಗೆ ಮಾಡಿಕೊಡಪ್ಪ," ಎಂದೆ.

"ಅದು ಆಗಲ್ಲ ಭಾವ. ನಾನು ಒತ್ತದಿದ್ರೂ ಇನ್ನೊಂದು ತಿಂಗಳಿಗೆ ಅದಾಗೇ ಆಗ್ತಿತ್ತು. ಹೊಸ ಫೋನ್ ತಗೊಳ್ಳಿ, ಎಲ್ಲ ಸರಿ ಹೋಗುತ್ತೆ."

"ಇದಕ್ಕೆ ಏನಾಗಿದೆ?"

"ಏನೂ ಆಗಿಲ್ಲ."

"ಏನೂ ಆಗದೆ ಇರೋದನ್ನ ಯಾಕೆ ಎಸೀಬೇಕು?"

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ನನ್ನನ್ನ ಕೇಳಿದ್ರೆ ನಾನೇನು ಹೇಳ್ಲಿ ಭಾವ? ನಾನು ಇಲ್ಲಿ ಮಾರೋಕೆ ನಿಂತಿರೋನು."

ಸರಿ, ಕೊಡು ಎಂದೆ. ಬೇಕಾಗಿರುವುದು ಕಿವಿ, ಫೋನಿನ ಚಂದ ಕಟ್ಟಿಕೊಂಡು ಏನಾಗಬೇಕು, ಇದ್ದದ್ದರಲ್ಲಿ ಸಣ್ಣದು ಕೊಡು. ಆಗ ಅವನಿಗೆ ಅಕ್ಕನ ಗಂಡನೆಂಬ ಪ್ರೀತಿ ಉಕ್ಕಿತು.

"ಇವತ್ತು ತಗೊಂಡ್ರೆ ಮೂರ್ಖರಾಗ್ತೀರ. ಮುಂದಿನ ಬುಧವಾರ ಹೊಸ ಮಾಡೆಲ್ ಬರ್ತಿದೆ. ಬಂದ ದಿನವೇ ಹಳೇದರ ಬೆಲೆ ಇಳಿಯುತ್ತೆ. ಇನ್ನೊಂಬತ್ತು ದಿನ ತಡಕೊಳ್ಳಿ, ನಾನೇ ಎತ್ತಿಟ್ಟಿರ್ತೀನಿ."

ಇಪ್ಪತ್ತೆರಡು ವರ್ಷ ಹೆಂಗಸರ ಕೈ ಉಳಿಸಿದ ನಾನು ಆ ಮಾತಿಗೆ ತಲೆಯಾಡಿಸಿ ಮನೆಗೆ ಬಂದೆ. ಮೂರ್ಖನಾಗಬಾರದಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ನಕ್ಕಳು. ನಗುವುದಕ್ಕೆ ಕಾರಣವಿತ್ತು. ನಮ್ಮ ಮನೆಯ ಕಪಾಟಿನ ಒಂದು ಖಾನೆ ಪೂರ್ತಿ ಸ್ಮಶಾನ. ಅವಳ ಟ್ಯಾಬ್ಲೆಟ್ ಅಲ್ಲಿದೆ, ಆನ್ ಆಗುತ್ತದೆ, ಆದರೆ ಅದರಲ್ಲಿ ಯಾವ ವಿಡಿಯೊವೂ ತೆರೆಯುವುದಿಲ್ಲ. ಮಗಳ ಹಳೆಯ ಲ್ಯಾಪ್‌ಟಾಪ್ ಅಲ್ಲಿದೆ, ಕಾಲೇಜಿನವರು ಹೇಳಿದ ಯಾವುದೋ ಒಂದು ಅದರಲ್ಲಿ ಹಿಡಿಸಲಿಲ್ಲವೆಂದು ಮೂಲೆ ಸೇರಿತು. ಬಾಯಿ ಬೇರೆ ಬೇರೆಯಾದ ಹನ್ನೊಂದು ಚಾರ್ಜರುಗಳಿವೆ. ಒಂದೂ ಕೆಟ್ಟಿಲ್ಲ, ಒಂದೂ ಉಪಯೋಗಕ್ಕಿಲ್ಲ. ಹತ್ತೊಂಬತ್ತು ವರ್ಷದ ಮಶೀನನ್ನು ಗ್ರೀಸು, ಸ್ಪ್ಯಾನರ್ ಹಿಡಿದು ಓಡಿಸುವ ನನಗೆ ಆ ಖಾನೆ ತೆರೆದಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತದೆ. ಕೆಟ್ಟದ್ದನ್ನು ರಿಪೇರಿ ಮಾಡಬಹುದು. ಕೆಡದೆಯೇ ಸತ್ತದ್ದನ್ನು ಏನು ಮಾಡುವುದು?

"ಬೆಲೆಗಾಗಿ ಕಾಯ್ತಿದ್ದೀರಾ, ಹಟಕ್ಕೆ ಕಾಯ್ತಿದ್ದೀರಾ?" ಎಂದು ಅವಳು ಕೇಳಿದಳು.

"ಎರಡಕ್ಕೂ."

"ಅಲ್ಲೀವರೆಗೆ ಮಶೀನು ಹೆಂಗೆ ಕೇಳ್ತೀರಿ?"

"ಕೈ ಇಟ್ಟರೆ ಗೊತ್ತಾಗುತ್ತೆ."

"ರೀ, ಇಟ್ಟ ಕೈ ಯಾರದ್ದು, ಹೋಗೋ ಕೈ ಯಾರದ್ದು, ಅದನ್ನ ಒಂಚೂರು ನೋಡ್ಕೊಳ್ಳಿ," ಎಂದು ಅವಳು ಒಳಗೆ ಹೋದಳು. ನಾನು ಆ ಮಾತಿಗೂ ಸಿಟ್ಟಾದೆ. ಒಂದು ವಾರ ನನಗೆ ಯಾರ ಮಾತಿಗಾದರೂ ಸಿಟ್ಟು ಬರುತ್ತಿತ್ತು. ಸಿಟ್ಟಿಗೆ ಕಾರಣನಾದವನು ಕೈಗೆ ಸಿಗುವುದಿಲ್ಲ ನೋಡಿ. ಅವನೆಲ್ಲೋ ಏಳನೇ ಮಹಡಿಯಲ್ಲಿ ಕೂತು 'ಸರಿ' ಗುಂಡಿ ಮಾಡಿದ್ದಾನೆ. ಸಿಕ್ಕಿದವರ ಮೇಲೆ ಕಾರಿಕೊಳ್ಳುವುದಷ್ಟೇ ನಮ್ಮ ಪಾಲಿಗೆ ಉಳಿದಿರುವುದು.

ಮಂಗಳವಾರ ಗೀಟೆಳೆದು, ಮಧ್ಯಾಹ್ನ ಕಿವಿ ಮೇಡಂ ಹತ್ತಿರ ಹೋದೆ. ಆ ಸೆಟ್ಟಿಂಗನ್ನು ಫೋನಿನ ಹಂಗಿಲ್ಲದೆ ಕಿವಿಯ ಮಶೀನಿನೊಳಗೇ ತುರುಕಿಬಿಡಿ ಎಂದೆ. ಅವರು ಮೇಜಿನ ಮೇಲಿದ್ದ ತೆಳ್ಳನೆಯ ಲ್ಯಾಪ್‌ಟಾಪ್ ತೋರಿಸಿದರು.

"ನನಗೂ ಹೊಸದು ಕೊಟ್ಟಿದಾರೆ. ನಿಮ್ಮ ಮಶೀನಿನ ಕೇಬಲ್ ಇದಕ್ಕೆ ಹೋಗೋದೇ ಇಲ್ಲ. ಹಳೇದನ್ನ ಕಂಪನಿಯವರು ವಾಪಸ್ ತಗೊಂಡು ಹೋದ್ರು."

"ಹಾಗಾದ್ರೆ ಹೊಸ ಫೋನ್ ತಗೊಂಡ್ರೆ ಗ್ಯಾರಂಟಿ ಕೆಲಸ ಮಾಡುತ್ತಾ?"

ಅವರು ಯಾವುದೋ ಪಟ್ಟಿ ತೆರೆದು ಬೆರಳಿಟ್ಟು ಹುಡುಕಿದರು. "ಮಾಡುತ್ತೆ. ಸದ್ಯಕ್ಕೆ. ನಿಮ್ಮ ಕಿವಿ ಮಶೀನು ಐದು ವರ್ಷಕ್ಕೆ ಬಂತಲ್ಲ, ಮುಂದೆ ಅದನ್ನೂ ಪಟ್ಟಿಯಿಂದ ತೆಗೀತಾರೋ ಏನೋ."

ಹಳೆಯ ಕಿವಿಗೆ ಹೊಸ ಫೋನು, ಹೊಸ ಫೋನಿಗೆ ಹೊಸ ಆಪು, ಹೊಸ ಆಪಿಗೆ ಹೊಸ ಕಿವಿ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಾನು ಮೇಜಿಗೆ ಗುದ್ದಿದೆ. ಆ ಬಡಪಾಯಿ ಹೆಂಗಸಿನ ಪೆನ್ನಿನ ಡಬ್ಬಿ ಉರುಳಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ, ಪೆನ್ನುಗಳನ್ನು ಎತ್ತಿಡುತ್ತ ನನ್ನ ಮುಖ ನೋಡಿದರು.

"ಇದು ಸರಿ ಹೋಗೋವರೆಗೆ ನೀವು ಮಶೀನು ಕೇಳಬೇಡಿ. ಬೇರೆ ಯಾರಿಂದಾದ್ರೂ ಕೇಳಿಸಿ. ಮಾತು ಕೊಡಿ."

"ಹೂಂ," ಎಂದೆ.

ಬುಧವಾರ ಗೀಟೆಳೆದೆ. ಗುರುವಾರ ಎಳೆದೆ. ಅಂಗೈಯನ್ನು ಬೇರಿಂಗಿನ ಮನೆಯ ಮೇಲೆ ಇಟ್ಟು, ನಡುಕವನ್ನು ಓದುತ್ತಿದ್ದೇನೆಂದು ನನಗೆ ನಾನೇ ನಂಬಿಸಿಕೊಂಡೆ. ಅಷ್ಟು ದೊಡ್ಡ ಮಶೀನು ಒಂದೇ ಓಡಿದರೂ ನಮ್ಮ ಕಟ್ಟಡದ ನೆಲವೇ ನಡುಗುತ್ತದೆ. ಅದರಲ್ಲಿ ಓದಲು ಏನೂ ಇರುವುದಿಲ್ಲ. ನನಗೆ ಅದು ಗೊತ್ತಿತ್ತು.

ಮೂರನೇ ಮಶೀನು ದೊಡ್ಡಕ್ಕನದು. ನನಗಿಂತ ಎರಡು ವರ್ಷ ಚಿಕ್ಕವರು, ಆದರೂ ಇಡೀ ಲಾಂಡ್ರಿಗೆ ಅವರು ದೊಡ್ಡಕ್ಕ, ನನಗೂ ಸಹ. ಹದಿನಾರು ವರ್ಷದಿಂದ ಅದೇ ಬಾಗಿಲು ತೆರೆದು, ಅದೇ ಹೊಟ್ಟೆಗೆ ಸೊಂಟದವರೆಗೆ ಬಗ್ಗಿ ಚಾದರ ಎಳೆಯುತ್ತಾರೆ. ಬಾಯಿ ಕಡಿಮೆ. ಗುರುವಾರ ಊಟದ ಹೊತ್ತಿನಲ್ಲಿ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ಫಿಟ್ಟರಣ್ಣ, ಮೂರನೇದು ಹಿಂದಿನಿಂದ ಸಣ್ಣಗೆ ಏನೋ ಅಂತಿದೆ ಅಲ್ವಾ?"

ಅವರ ಒಂದೊಂದು ಮಾತೂ ಗಾಜಿನಷ್ಟು ನಿಚ್ಚಳವಾಗಿ ಕೇಳಿಸಿತು. ಮಾತು ಕೇಳಿಸುವುದಕ್ಕೆಂದೇ ಮಾಡಿದ ಮಶೀನು ತಾನೇ ನನ್ನ ಕಿವಿಯಲ್ಲಿದ್ದದ್ದು. ಅಂಥ ಮಾತು ಕೇಳಿದರೆ ಮನುಷ್ಯನಾದವನು ಎದ್ದು ಹೋಗಿ ಮಶೀನು ನಿಲ್ಲಿಸುತ್ತಾನೆ. ನಾನು ಸಿಟ್ಟಾದೆ.

"ನೀವು ಚಾದರ ನೋಡ್ಕೊಳ್ಳಿ ದೊಡ್ಡಕ್ಕ. ಮಶೀನು ನನಗೆ ಬಿಡಿ. ಇಪ್ಪತ್ತೆರಡು ವರ್ಷದಿಂದ ಕೇಳ್ತಿದ್ದೀನಿ, ಇವತ್ತು ನಿಮ್ಮ ಕಿವಿ ನನ್ನ ಕಿವಿಗಿಂತ ಚುರುಕಾಯ್ತಾ?"

ಪಕ್ಕದಲ್ಲಿದ್ದ ಹೆಂಗಸರು ನಕ್ಕರು. ದೊಡ್ಡಕ್ಕ ನಗಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. "ಇಲ್ಲ, ಸುಮ್ಮನೆ ಕೇಳ್ದೆ. ಗೀಟು ಹಾಕಿದೀರಲ್ಲ," ಎಂದು ಹೋದರು. ಮಧ್ಯಾಹ್ನ ಯಾರೂ ಇಲ್ಲದಾಗ ನಾನು ಮೂರನೆಯದರ ಹಿಂದೆ ಹೋಗಿ ಕಿವಿಯಿಟ್ಟೆ, ಕಿವಿ ಮಶೀನು ತೆಗೆದು ಬರಿಗಿವಿ ಇಟ್ಟೆ, ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿ ನೋಡಿದೆ. ಏನೂ ಇಲ್ಲ. ಏನೂ ಕೇಳಿಸಲಿಲ್ಲವಾದ್ದರಿಂದ ಏನೂ ಇಲ್ಲವೆಂದು ತೀರ್ಮಾನ ಮಾಡಿದೆ. ಗ್ರೀಸು ಮಾತ್ರ ಒಂದಿಷ್ಟು ಹೆಚ್ಚು ತುಂಬಿದೆ.

ಶನಿವಾರ ದೊಡ್ಡಕ್ಕ ಮತ್ತೆ ಬಂದರು. ನಾನು ಹುಬ್ಬು ಗಂಟಿಕ್ಕಿ ತಯಾರಾದೆ. ಆದರೆ ಅವರು ಕೇಳಿದ್ದು ಬೇರೆ.

"ನಿಮ್ಮ ಆ ಕಿವಿ ಮೇಡಂ ಇದಾರಲ್ಲ, ಅವರ ನಂಬರ್ ಕೊಡ್ತೀರಾ?"

"ಯಾರಿಗೆ?"

"ಮನೇಲಿ ಒಬ್ರಿಗೆ ಬೇಕಿತ್ತು."

ಮನೆಯಲ್ಲಿ ಅವರ ಗಂಡನಿದ್ದಾರೆ, ವಯಸ್ಸಾದವರು, ಅವರಿಗಿರಬೇಕು ಎಂದುಕೊಂಡು ಕೊಟ್ಟೆ. ನನ್ನ ಸಿಟ್ಟಿನ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲವೆಂದು ಒಳಗೊಳಗೇ ಹಗುರಾದೆ.

ಒಂಬತ್ತು ದಿನದ ಗಡುವಿಗೆ ಬುಧವಾರ ಬಂತು. ಬೆಳಿಗ್ಗೆ ನಾಲ್ಕು ಗೀಟು ಎಳೆದು, ಅರ್ಧ ದಿನ ರಜೆ ಹಾಕಿ ಅಂಗಡಿಗೆ ಹೋದೆ. ಹೊಸ ಮಾಡೆಲ್ ಬಂದಿತ್ತು. ಅದರ ಮುಂದೆ ಜನ ಇರುವೆ ಮುತ್ತಿದ ಹಾಗೆ ಮುತ್ತಿದ್ದರು. ಹಿಂದಿನದಕ್ಕೂ ಇದಕ್ಕೂ ವ್ಯತ್ಯಾಸವೇನೆಂದು ಕೇಳಿದೆ. ಅಂಚು ಗುಂಡಗಾಗಿದೆ ಎಂದ ಬಾಮೈದ.

"ಹಳೇದರ ಬೆಲೆ ಇಳೀತಾ?"

ಅವನು ತಲೆ ಕೆರೆದುಕೊಂಡ. "ಈ ಸಲ ಇಳಿಸಿಲ್ಲ ಭಾವ. ಹಳೇದು ಬರೋದನ್ನೇ ನಿಲ್ಲಿಸಿದಾರೆ. ಆದ್ರೆ ಇನ್ನು ಹದಿನೈದು ದಿನಕ್ಕೆ ಒಂದು ಎಕ್ಸ್‌ಚೇಂಜ್ ಆಫರ್ ಬರುತ್ತೆ ಅಂತ ಮಾತಿದೆ. ಅಲ್ಲೀವರೆಗೆ ತಡಕೊಂಡ್ರೆ..."

ನಾನು ಅವನ ಅಂಗಿಯ ಕಾಲರ್ ಹಿಡಿದೆ. ಹೌದು, ಹಿಡಿದೆ, ಅಷ್ಟು ಜನರ ಮಧ್ಯೆ, ನನ್ನ ಹೆಂಡತಿಯ ಒಡಹುಟ್ಟಿದವನನ್ನು. "ಇನ್ನೊಂದು ಸಲ ತಡಕೊಳ್ಳಿ ಅಂದ್ರೆ ನೋಡು," ಎಂದೆ. ಸುತ್ತಲಿದ್ದವರು ಕೈಯಲ್ಲಿದ್ದ ಫೋನುಗಳನ್ನು ಇಳಿಸಿ ನನ್ನನ್ನು ನೋಡಿದರು. ಅವನು ಬಿಡಿಸಿಕೊಳ್ಳಲೂ ಇಲ್ಲ. "ಕೊಡ್ತೀನಿ ಭಾವ, ಕೂತ್ಕೊಳ್ಳಿ," ಎಂದ ಮೆಲ್ಲಗೆ. ಉಳಿದಿದ್ದ ಹಳೆಯ ಮಾಡೆಲ್ಲೊಂದನ್ನು ಒಳಗಿನಿಂದ ತಂದು, ತಾನೇ ಡಬ್ಬಿ ಬಿಚ್ಚಿ, ಮಾತಿಲ್ಲದೆ ಎಲ್ಲವನ್ನೂ ಹಾಕಿಕೊಟ್ಟ. ಡಬ್ಬಿಯ ಮೇಲೆ ನಗುವ ಗಂಡ ಹೆಂಡತಿಯ ಚಿತ್ರವಿತ್ತು.

ಅಲ್ಲಿಂದ ಸೀದಾ ಕಿವಿ ಮೇಡಂ ಹತ್ತಿರ. ನನ್ನ ಸೆಟ್ಟಿಂಗನ್ನು ಅವರು ಒಂದು ಕಾಗದದಲ್ಲಿ ಅಂಕಿ ಬರೆದು ಇಟ್ಟುಕೊಂಡಿದ್ದರು. ಪುಣ್ಯಾತ್ಗಿತ್ತಿ. ಯಾವ ಕಂಪನಿಗೂ ಕೊಡದೆ ಕಾಗದದಲ್ಲಿ ಇಟ್ಟುಕೊಂಡಿದ್ದರಿಂದ ಉಳಿಯಿತು. ಕಾಲು ಗಂಟೆಯಲ್ಲಿ ಹೊಸ ಫೋನಿನಲ್ಲಿ 'ಮಶೀನು' ಎಂಬ ಗುಂಡಿ ಮೂಡಿತು.

"ಇಷ್ಟು ದಿನ ಯಾರು ಕೇಳ್ತಿದ್ರು?" ಎಂದರು.

ನಾನು ಚಪ್ಪಲಿ ಹಾಕಿಕೊಳ್ಳುವುದರಲ್ಲಿ ಮಗ್ನನಾದ ಹಾಗೆ ನಟಿಸಿದೆ.

ಲಾಂಡ್ರಿಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ನಾಲ್ಕು ಮಶೀನೂ ತುಂಬಿಕೊಂಡು ಓಡುತ್ತಿದ್ದವು. ಬಾಗಿಲ ಹತ್ತಿರವೇ ನಿಂತು ಫೋನ್ ತೆಗೆದು ಗುಂಡಿ ಒತ್ತಿದೆ. ಹತ್ತಿ ಕಿತ್ತ ಹಾಗೆ ಇಡೀ ಕಟ್ಟಡ ಒಮ್ಮೆಲೇ ಕಿವಿಯೊಳಗೆ ನುಗ್ಗಿತು. ನೀರು, ಬೆಲ್ಟು, ಫ್ಯಾನು. ಮತ್ತು ಅವೆಲ್ಲದರ ಅಡಿಯಲ್ಲಿ ಒಂದು ಸದ್ದು. ಅದು ಸಿಳ್ಳೆಯಲ್ಲ. ಸಿಳ್ಳೆಯ ಕಾಲ ಎಂದೋ ಮುಗಿದಿತ್ತು. ಹಲ್ಲಿನಲ್ಲಿ ಮರಳು ಸಿಕ್ಕಿ ಅಗಿಯುವ ಹಾಗೆ ಕರಕರ, ಕರಕರ, ಮೂವತ್ತು ಹೆಜ್ಜೆ ದೂರದಿಂದಲೇ ಕೇಳಿಸುತ್ತಿತ್ತು.

ಮೂರನೇ ಮಶೀನಿನ ಎದುರು ದೊಡ್ಡಕ್ಕ ಕೈಗಾಡಿ ಹಿಡಿದು ನಿಂತಿದ್ದರು. ನಾನು ಓಡಿದೆ. ಸೋಪಿನ ನೀರಿನ ಮೇಲೆ ಜಾರಿ ಮೊಣಕಾಲು ಒಡೆಯಿತು, ಎದ್ದು ಓಡಿದೆ. ಅವರನ್ನು ಒಂದು ಕೈಯಲ್ಲಿ ಪಕ್ಕಕ್ಕೆ ತಳ್ಳಿ ಇನ್ನೊಂದು ಕೈಯಲ್ಲಿ ಕೆಂಪು ಗುಂಡಿಗೆ ಗುದ್ದಿದೆ. ಡ್ರಮ್ಮು ನಿಲ್ಲಲು ಮುಕ್ಕಾಲು ನಿಮಿಷ ತೆಗೆದುಕೊಂಡಿತು. ಆ ಮುಕ್ಕಾಲು ನಿಮಿಷ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅದು ಕಿತ್ತು ಬಂದಿದ್ದರೆ ನನ್ನ ಬೆನ್ನು ತಡೆಯುತ್ತಿತ್ತು ಎಂದೇನೂ ಅಲ್ಲ.

ಪುಲ್ಲಿ ಬಿಚ್ಚಿ, ಹಿಂದಿನ ಬೇರಿಂಗನ್ನು ಹೊರಗೆ ಎಳೆಯಲು ಒಂದು ಗಂಟೆ ಹಿಡಿಯಿತು. ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಬೇರಿಂಗಿನೊಳಗೆ ಗುಂಡುಗಳನ್ನು ಹಿಡಿದಿಡುವ ಬಳೆಯೊಂದಿರುತ್ತದೆ. ಅದು ಮೂರು ಕಡೆ ತುಂಡಾಗಿತ್ತು. ಗುಂಡುಗಳು ಬಿಸಿಗೆ ನೀಲಿಗಟ್ಟಿದ್ದವು. ನಾನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತೆ. ಇನ್ನು ಎಷ್ಟು ಹೊತ್ತು ತಡೆಯುತ್ತಿತ್ತು ಎಂದು ಮ್ಯಾನೇಜರ್ ಕೇಳಿದರು. ಇನ್ನೊಂದು ಗಾಡಿ ಬಟ್ಟೆ, ಎರಡು ಗಾಡಿ ಎಂದೆ.

ಆ ಹೊತ್ತಿಗೆ ಸರಿಯಾಗಿ ಹೊಸ ಫೋನು ಜೇಬಿನಲ್ಲಿ ಜುಮ್ಮೆಂದಿತು. ತೆಗೆದು ನೋಡಿದೆ. 'ನಮ್ಮ ಆಪ್ ಜೊತೆ ನಿಮ್ಮ ಅನುಭವ ಹೇಗಿದೆ?' ಐದು ನಕ್ಷತ್ರ. ಎತ್ತಿ ಗೋಡೆಗೆ ಅಪ್ಪಳಿಸಬೇಕೆಂದು ಕೈ ಮೇಲೆ ಹೋಯಿತು. ಅಪ್ಪಳಿಸಿದರೆ ನಾಳೆ ಮತ್ತೆ ಕಿವುಡ. ಅಷ್ಟು ಚೆನ್ನಾಗಿ ನನ್ನನ್ನು ಕಟ್ಟಿಹಾಕಿದ್ದರು. ಕೈ ಇಳಿಸಿ ಮತ್ತೆ ಜೇಬಿಗೆ ಹಾಕಿದೆ.

ದೊಡ್ಡಕ್ಕ ನನ್ನ ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಬೇರಿಂಗನ್ನು ನೋಡುತ್ತಿದ್ದರು. ಬೆರಳಿನಲ್ಲಿ ಮುರಿದ ಬಳೆಯನ್ನು ಮುಟ್ಟಿದರು.

"ಇದು ಕರಕರ ಅಂತಿತ್ತಾ ಫಿಟ್ಟರಣ್ಣ?"

"ಹೌದು."

"ಮೊದಲು ಸಿಳ್ಳೆ ಹಾಕಿದ ಹಾಗೆ, ಆಮೇಲೆ ಕರಕರ?"

"ಹೌದು ದೊಡ್ಡಕ್ಕ."

ಅವರು ಸೊಂಟದ ಚೀಲದಿಂದ ನಾಲ್ಕಾಗಿ ಮಡಚಿದ ಒಂದು ಚೀಟಿ ತೆಗೆದರು. ಕಿವಿ ಮೇಡಂ ಅವರ ಚೀಟಿ. ನಾಳೆಯ ತಾರೀಖು, ಬೆಳಿಗ್ಗೆ ಹತ್ತು ಗಂಟೆ ಎಂದು ಬರೆದಿತ್ತು. ರೋಗಿ ಎಂಬ ಕಡೆ ಇದ್ದದ್ದು ಅವರ ಗಂಡನ ಹೆಸರಲ್ಲ, ಅವರದೇ.

"ನನಗೆ ಕೇಳಿಸ್ತಾನೇ ಇತ್ತು," ಎಂದರು. "ಮನೆಗೆ ಹೋದ್ರೂ ಕೇಳಿಸೋದು, ಮಲಗಿದ್ರೂ ಕೇಳಿಸೋದು. ನೀವು ದಿನಾ ಕಿವಿ ಇಟ್ಟು ಕೇಳಿ ಗೀಟು ಹಾಕ್ತೀರ. ಮಶೀನಿಗೆ ಏನೂ ಆಗಿಲ್ಲ ಅಂದ್ಮೇಲೆ ನನ್ನ ಕಿವೀಲೇ ಏನೋ ಕೂತಿದೆ, ತಲೇನೇ ಕೆಡ್ತಿದೆ ಅಂದ್ಕೊಂಡೆ. ಮನೇಲಿ ಯಾರಿಗೂ ಹೇಳ್ಲಿಲ್ಲ."

ಅಷ್ಟು ದಿನ ನಾನು ಕೂಡಿಟ್ಟ ಸಿಟ್ಟೆಲ್ಲ, ಕಂಪನಿಯ ಮೇಲಿನದು, ಬಾಮೈದನ ಮೇಲಿನದು, ಆ ಬಿಳಿ ಚೌಕದ ಮೇಲಿನದು, ಎಲ್ಲವೂ ತಿರುಗಿ ಬಂದು ನನ್ನ ಎದೆಯ ಮೇಲೆ ಕೂತವು. ಆ ಚೌಕ ನನಗೆ ಮಾಡಿದ್ದನ್ನೇ ನಾನು ಇವರಿಗೆ ಮಾಡಿದ್ದೆ. ಬಾಗಿಲ ಮೇಲೆ ಒಂದು ಗೀಟೆಳೆದು, 'ಸರಿ' ಎಂದು ಒತ್ತಿಸಿಕೊಂಡಿದ್ದೆ.

"ನಿಮ್ಮ ಕಿವಿ ಸರಿಯಾಗಿದೆ," ಎಂದೆ. "ನನಗೇ ಕೇಳಿಸ್ತಿರಲಿಲ್ಲ. ಸೋಮವಾರದಿಂದ ಅಲ್ಲ, ಅದರ ಹಿಂದಿನ ಸೋಮವಾರದಿಂದ. ಕೇಳಿಸದೇನೇ ಹಾಕಿದೆ."

ದೊಡ್ಡಕ್ಕ ಲೆಕ್ಕ ಹಾಕುವವರ ಹಾಗೆ ಮೂರನೇ ಮಶೀನಿನ ತೆರೆದ ಬಾಗಿಲನ್ನು, ಅದರ ಮೇಲಿದ್ದ ಬೆಳಗಿನ ಗೀಟನ್ನು ನೋಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಒಂಬತ್ತು ದಿನ ನಾನು ಇದರೊಳಗೆ ಬಗ್ಗಿದೀನಿ," ಎಂದರು.

ಎದ್ದು, ಒದ್ದೆ ಬಟ್ಟೆ ತಂದು ಆ ಗೀಟನ್ನು ಒರೆಸಿದರು. ಗುರುತು ಹೋದ ಮೇಲೂ ಒರೆಸುತ್ತಲೇ ಇದ್ದರು. ಆಮೇಲೆ ನನ್ನ ಹತ್ತಿರ ಬಂದು ನನ್ನ ಅಂಗಿಯ ಜೇಬಿಗೆ ಕೈ ಹಾಕಿ ಸೀಮೆಸುಣ್ಣವನ್ನು ತೆಗೆದುಕೊಂಡರು. ಕೇಳಲಿಲ್ಲ. ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದವರು ಅವರ ಮುಖ ನೋಡಿ ಮುಚ್ಚಿಕೊಂಡರು.

ಮಾರನೆಯ ಬೆಳಿಗ್ಗೆ ನಾನು ಬರುವಷ್ಟರಲ್ಲಿ ದೊಡ್ಡಕ್ಕ ಬಂದಿದ್ದರು. ಹತ್ತು ಗಂಟೆಯ ಚೀಟಿಯನ್ನು ರದ್ದು ಮಾಡಿಸಿದರೋ ಇಲ್ಲವೋ ಕೇಳುವ ಧೈರ್ಯ ನನಗಿರಲಿಲ್ಲ. ರಾತ್ರಿಯೇ ಹೊಸ ಬೇರಿಂಗು ಕೂರಿಸಿದ್ದೆ. ಮೂರನೆಯದನ್ನು ಖಾಲಿ ಓಡಿಸಿ, ಫೋನಿನಲ್ಲಿ ಗುಂಡಿ ಒತ್ತಿ, ಹಿಂದೆ ಹೋಗಿ ಕೇಳಿದೆ. ಎಣ್ಣೆಯಲ್ಲಿ ಬೆರಳಾಡಿಸಿದಷ್ಟು ನುಣುಪು.

"ಸರಿಯಿದೆ," ಎಂದೆ.

ದೊಡ್ಡಕ್ಕ ಸೀಮೆಸುಣ್ಣ ಎತ್ತಲಿಲ್ಲ. ಕೈ ಚಾಚಿದರು. ಅವರಿಗೆ ಬೇಕಾದದ್ದು ಸ್ಕ್ರೂಡ್ರೈವರ್ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಕೊಟ್ಟೆ. ಅವರು ಹಿಂದೆ ಹೋಗಿ, ತುದಿಯನ್ನು ಬೇರಿಂಗಿನ ಮನೆಗೆ ಒತ್ತಿ, ತಲೆಗೆ ಕಟ್ಟಿದ್ದ ಬಟ್ಟೆಯನ್ನು ಸರಿಸಿ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರು, ಕಣ್ಣು ಮುಚ್ಚಿದರು. ಉಳಿದ ಹೆಂಗಸರು ಗಾಡಿ ಹಿಡಿದು ಸಾಲಾಗಿ ನಿಂತಿದ್ದರು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಜೊತೆ ನಾನೂ ಕಾದು ನಿಂತೆ, ಅವರು ಗೀಟು ಎಳೆಯುತ್ತಾರೋ ಇಲ್ಲವೋ ಎಂದು.